ಮೇಲ್ಗಲ್ಲಿನ ಗೂಟ

ಕಲ್ಲು ಬೇಕು, ಕಲ್ಲು ಹೊತ್ಕೊಂಡು ಬಂದೋಳು ಬ್ಯಾಡ್ವೇನೇ ಸುಧಾ, ನಾನೇನು ನಿಮ್ಮನೆ ಮದುವೆಗೆ ಸಾಮಾನು ಬಾಡಿಗೆ ಕೊಡೋ ಶಾಮಿಯಾನದೋಳಾ — ಅಂದೇಬಿಟ್ಟೆ, ಅಷ್ಟು ಜನರ ಮುಂದೆ, ಉದ್ಯಾನದ ಮರದಡಿ ಎಲೆಗೆ ಬಣ್ಣ ಬಳಿದು ಕಾಗದಕ್ಕೆ ಒತ್ತುತ್ತಿದ್ದ ಮಕ್ಕಳೆಲ್ಲ ತಲೆಯೆತ್ತಿ ನೋಡಿದವು, ಒಂದು ಹೆಣ್ಣುಮಗುವಿನ ಕೈಯ ಅರಳಿ ಎಲೆಯಿಂದ ಹಸಿರು ಅವಳ ಮೊಣಕಾಲಿನ ಮೇಲೆ ತೊಟ್ಟಿಕ್ಕಿತು, ನನ್ನ ಓರಗಿತ್ತಿ ಸುಧಾಳ ಬಾಯಿ ತೆರೆದದ್ದು ತೆರೆದೇ ಇತ್ತು, ಅವಳು ಹೇಳಹೊರಟಿದ್ದು ಮುಗಿದಿರಲಿಲ್ಲ, ಕೃತಿಕಾ ಮದುವೆಗೆ ಕಲ್ಲು ಕಳಿಸಕ್ಕ, ನೀನು — ಅಷ್ಟೇ, ಆ ನೀನು ಆದಮೇಲೆ ಏನಿತ್ತೋ, ನಾನು ಬಿಡಲಿಲ್ಲ, ನನ್ನ ಬಾಯಿ ಯಾರಿಗೆ ತಾನೇ ಮಾತು ಮುಗಿಸಲು ಬಿಟ್ಟಿದೆ. ಆಗಲೂ ನಮ್ಮಿಬ್ಬರ ಕೈ ಒಂದೇ ಗೂಟದ ಮೇಲಿತ್ತು, ಕೆಳಗೆ ನನ್ನದು, ಮೇಲೆ ಅವಳದು, ಬೀಸುವ ಕಲ್ಲಿನ ಮುಂದೆ ಕೂತರೆ ಹಿರಿಯಳ ಕೈ ಕೆಳಗಿರಬೇಕು ಅಂತ ಅತ್ತೆ ಪುಟ್ಟತಾಯಮ್ಮ ಕಲಿಸಿದ್ದು, ಭಾರ ಕೆಳಗಿನ ಕೈಗೆ, ಹಾಡು ಮೇಲಿನ ಕೈಗೆ ಅನ್ನುತ್ತಿದ್ದಳು ಮುದುಕಿ. ಬನ್ನಿ, ಕುಟುಂಬ ಸಮೇತ ಬನ್ನಿ, ಎಲ್ಲ ಉಚಿತ, ಹಕ್ಕಿ ನೋಡೋಣ, ಅಳಗುಳಿಮಣೆ ಆಡೋಣ, ರಾಗಿ ಬೀಸೋಣ — ಮೈಕಿನಲ್ಲಿ ಕಾರ್ಯಕ್ರಮ ನಡೆಸುವ ಸುಮನಾ ಮೇಡಂ ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದಾಳೆ, ಕುಟುಂಬವಂತೆ, ಕುಟುಂಬ, ಇವಳಿಗೇನು ಗೊತ್ತು, ಈ ಕಲ್ಲಿನ ಮೇಲ್ಭಾಗ ಗುಬ್ಬಿಯ ಸುಧಾ ಮನೆಯಿಂದ ಬಂದಿದೆ, ಕೆಳಭಾಗ ಮರಳೂರಿನ ನನ್ನ ಮನೆಯಿಂದ, ಎರಡೂ ಒಂದರ ಮೇಲೊಂದು ಕೂರದೆ ಎಷ್ಟು ವರ್ಷವಾಗಿತ್ತು.

ಪಾಲು ಆಗಿದ್ದು ಸಿ.ಎಸ್. ಪುರದ ಮನೆ ಜಗುಲಿಯಲ್ಲಿ, ನನ್ನ ಗಂಡ ರಂಗರಾಜು ಕಂಬಕ್ಕೆ ಒರಗಿ, ಮೈದುನ ಲಕ್ಷ್ಮೀಕಾಂತ ಮೆಟ್ಟಿಲ ಮೇಲೆ, ತೋಟ ಹಂಚಿದರು, ಹೊಲ ಹಂಚಿದರು, ಕೊನೆಗೆ ಉಳಿದದ್ದು ಈ ಕಲ್ಲು, ನಂಗಿರಲಿ ಅಂತ ಇವನು, ನಂಗಿರಲಿ ಅಂತ ಅವನು, ಒಂದು ದಿನವಾದರೂ ಬೀಸಿದವರಲ್ಲ ಇಬ್ಬರೂ, ಪಂಚಾಯ್ತಿಗೆ ಕೂತಿದ್ದ ರಾಮಾಂಜಿನಯ್ಯ ಬೇಸತ್ತು ನಕ್ಕ, ಅದೊಂದ್ ಕಲ್ಲಿಗೆ ಯಾಕ್ರಲಾ ಹೊಡೆದಾಡ್ತೀರಿ, ಮೇಲಿಂದು ಅವ್ನಿಗೆ ಕೆಳಗಿಂದು ಇವ್ನಿಗೆ, ತಗಂಡೋಗಿ ನೆಕ್ಕೊಳ್ಳಿ — ಹಿರಿಯ ತಮಾಷೆಗೆ ಅಂದ ಮಾತನ್ನು ಇಬ್ಬರೂ ತೀರ್ಪು ಅಂತ ಹಿಡಿದರಲ್ಲ, ಹೊತ್ತುಕೊಂಡೇ ಹೋದರಲ್ಲ. ಗುಬ್ಬಿಯಲ್ಲಿ ಮೇಲ್ಗಲ್ಲು ಸಂಪಿನ ಮುಚ್ಚಳದ ಮೇಲೆ ಭಾರಕ್ಕೆ ಕೂತಿತು, ನನ್ನ ಮನೆಯಲ್ಲಿ ಕೆಳಗಲ್ಲು ತುಳಸಿ ಕುಂಡದ ಅಡಿಗೆ ಹೋಯಿತು. ಕಲ್ಲಾದರೂ ಎರಡಾಯಿತು, ಕೃತಿಕಾಳನ್ನು ಹೇಗೆ ಹಂಚುತ್ತಾರೆ, ಸುಧಾ ಹೆತ್ತಿದ್ದು ನಿಜ, ಶಾಲೆಗೆ ಸೇರುವ ತನಕ ಮಲಗಿದ್ದು ನನ್ನ ಪಕ್ಕದಲ್ಲಿ, ನನ್ನ ಸೆರಗಿನ ತುದಿ ಬಾಯಲ್ಲಿಟ್ಟು ಚೀಪದಿದ್ದರೆ ನಿದ್ದೆಯಿಲ್ಲ ಅದಕ್ಕೆ, ಈಗ ಇಪ್ಪತ್ತನಾಲ್ಕು, ಭಾನುವಾರ ಬಂತೆಂದರೆ ಈ ಉದ್ಯಾನಕ್ಕೆ ಬಂದು ಮಕ್ಕಳಿಗೆ ಮರದ ಹೆಸರು ಹೇಳಿಕೊಡುತ್ತಾಳೆ, ಅವಳ ನಿಶ್ಚಿತಾರ್ಥವನ್ನು ನಾನು ನೋಡಿದ್ದು ಪಕ್ಕದ ಮನೆಯವಳ ಮೊಬೈಲಿನಲ್ಲಿ, ಯಾರೋ ಹಾಕಿದ ಸ್ಟೇಟಸ್ಸು, ಹಸಿರು ಸೀರೆ, ತಲೆ ಬಗ್ಗಿಸಿತ್ತು ಮಗು. ಅನ್ನ ಕಲಸಿದ್ದು ಹಾಗೇ ಉಳಿಯಿತು ಅವತ್ತು.

ಹೋದ ವಾರ ಕೃತಿಕಾನೇ ಫೋನು ಮಾಡಿದಳು, ದೊಡ್ಡಮ್ಮ, ಮಕ್ಳಿಗೆ ರಾಗಿ ಬೀಸೋದು ತೋರಿಸ್ಬೇಕು, ನಿಮ್ ಕೆಳಗಲ್ಲು ತತ್ತೀರಾ, ಬರೀ ಕೆಳಗಲ್ಲು ಇಟ್ಕೊಂಡು ಏನ್ ಮಾಡ್ತೀಯೇ, ಬಟ್ಟೆ ಒಗೀತೀಯಾ ಅಂದೆ, ಮೇಲಿಂದು ಹೆಂಗೋ ಬತ್ತದೆ ಬುಡಿ ಅಂದು ಕಿಸಕ್ಕನೆ ನಕ್ಕಳು ಕಳ್ಳಿ, ಸುಧಾಳೂ ಬರುತ್ತಾಳೆ ಅಂತ ನನಗೆ ಆಗಲೇ ಗೊತ್ತಾಯಿತು, ಗೊತ್ತಾಗಿಯೂ ಹುಣಸೆಹಣ್ಣು ಹಚ್ಚಿ ಕಲ್ಲು ತೊಳೆದೆ, ಸುಧಾ ಯಾವತ್ತೋ ಆರಿಸಿಕೊಟ್ಟಿದ್ದ ನೀಲಿ ಸೀರೆ ಉಟ್ಟೆ, ಕೈಗೆ ಸಿಕ್ಕಿತು, ಉಟ್ಟೆ, ಅದಕ್ಕೇನೀಗ. ಇವತ್ತು ಬಂದಳು ಸುಧಾ, ದಪ್ಪಗಾಗಿದ್ದಾಳೆ, ಕಂಕುಳಲ್ಲಿ ರಾಗಿ ಚೀಲ, ಚೆನ್ನಾಗಿದೀಯಾ ಅಂತ ಕೇಳಲಿಲ್ಲ, ನಾನೂ ಕೇಳಲಿಲ್ಲ, ಮೇಲ್ಗಲ್ಲು ಕೂರಿಸುವಾಗ ಮಾತ್ರ ಅಕ್ಕ ಬೆರಳು ಹುಷಾರು ಅಂದಳು, ಆ ಅಕ್ಕ ಅನ್ನುವುದು ಎದೆಯಲ್ಲಿ ಎಲ್ಲಿ ಹೋಗಿ ಬಿತ್ತೋ. ಎದುರುಬದುರು ಕಾಲು ಚಾಚಿ ಕೂತೆವು, ಮೊದಲು ಕಲ್ಲು ಹಟ ಮಾಡಿತು, ಆಮೇಲೆ ಗುರ್ರ್ ಅಂತ ದನಿ ಬಂತು, ಅದೇ ದನಿ, ಸುತ್ತ ಹಿಟ್ಟು ಬಿತ್ತು, ಮಕ್ಕಳು ಹಿಟ್ಟು ಮುಟ್ಟಿ ಮೂಸಿದವು, ಅವಳ ಅಂಗೈ ಬೆವರು ನನ್ನ ಬೆರಳ ಗೆಣ್ಣಿಗೆ ತಾಗುತ್ತಿತ್ತು, ಅವಳು ಹಾಡಿನ ಮೊದಲ ಸೊಲ್ಲು ಗುನುಗಿದಳು, ನಾನು ಎರಡನೆಯದು ಎತ್ತಿಕೊಂಡೆ, ನನ್ನ ಗಂಟಲು ಇನ್ನೂ ಸತ್ತಿಲ್ಲ ಅಂತ ಗೊತ್ತಾಯಿತು, ಕೃತಿಕಾ ದೂರದಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅಷ್ಟಕ್ಕೇ ನಿಲ್ಲಬಾರದಿತ್ತೇ. ಮದುವೆಗೆ ಮುಂಚೆ ಬೀಸುವ ಕಲ್ಲಿಗೆ ಪೂಜೆ ಮಾಡಿ ಮುತ್ತೈದೆಯರು ಅಕ್ಕಿ ಬೀಸುತ್ತಾರೆ, ಅರ್ಧ ಕಲ್ಲಿನಲ್ಲಿ ಶಾಸ್ತ್ರ ಆಗುವುದಿಲ್ಲ, ಅದಕ್ಕೇ ಸುಧಾ ಬಾಯಿ ತೆರೆದಿದ್ದು, ಕಲ್ಲು ಕಳಿಸಕ್ಕ, ನೀನು — ಕಳಿಸು ಅಂದಳು, ತಾ ಅನ್ನಲಿಲ್ಲ, ತಗೊಂಡು ಬಾ ಅಂದಿದ್ದರೆ ಅದು ಬೇರೆ ಮಾತು, ಕಳಿಸು ಅಂದರೆ ಏನರ್ಥ, ಆಟೋದಲ್ಲಿ ಹಾಕಿ ಕಳಿಸು, ನೀನು ಬರಬೇಡ, ಅಷ್ಟೇ ತಾನೇ, ಅಥವಾ ನೀನು ಮೊದಲೇ ಬಂದುಬಿಡು, ಅಥವಾ ನೀನು ಕೂರದೆ ನನ್ನ ಮಗಳ ಶಾಸ್ತ್ರ ಹೇಗೆ — ಥೂ, ಹಾಗೆಲ್ಲ ಹೇಳುವವಳಲ್ಲ ಅವಳು, ಹೇಳುವವಳೇ ಆಗಿದ್ದರೆ, ಹಾಗಾದರೆ ನನ್ನ ಕೈ ಮೇಲೆ ಅವಳ ಕೈ ಅಷ್ಟು ಮೆತ್ತಗೆ ಯಾಕೆ ಕೂತಿತ್ತು.

ಮೆತ್ತಗೆ ಮಾತಾಡಕ್ಕ, ಮಕ್ಳವೆ ಅಂದಳು ಸುಧಾ, ಅದೂ ನನಗೆ ಬೆಂಕಿ, ನಂಗೆ ಬುದ್ಧಿ ಹೇಳೋಕೆ ಬರ್ಬ್ಯಾಡ, ಎರಡು ಕಲ್ಲೂ ನಮ್ಮತ್ತೆ ತವರಿಂದ ತಂದಿದ್ದು, ಇದ್ರಾಗೆ ನಿಂದೇನೈತೆ ಅಂದೆ, ಅವಳು ಬಯ್ದಿದ್ದರೆ ಆಗುತ್ತಿತ್ತು, ಬಯ್ಯಲಿಲ್ಲ, ಗೂಟ ಐತಲ್ಲಕ್ಕ, ನಮ್ಮಪ್ಪ ಕೆತ್ತಿದ್ದು ಅಂದಳು. ಹೌದು, ಹಳೆಯದು ಮುರಿದಾಗ ಅವಳಪ್ಪ ಜಾಲಿ ಕಟ್ಟಿಗೆ ಕೆತ್ತಿ ಬಸ್ಸಿನಲ್ಲಿ ತಂದುಕೊಟ್ಟಿದ್ದ, ನಾನೇ ಆ ಮುದುಕನಿಗೆ ಮುದ್ದೆ ಬಡಿಸಿದ್ದೆ, ನಾನೇ ಎಣ್ಣೆ ಸವರಿ ಗೂಟ ಬಡಿದಿದ್ದೆ. ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು, ಒಂದೊಂದೇ ಬೆರಳು, ಗೂಟ ಅಲ್ಲಾಡಿಸಿದಳು, ಕಿತ್ತಳು, ಮುಷ್ಟಿಯಲ್ಲಿ ಹಿಡಿದು ನಡೆದಳು, ಎಲೆ ಒತ್ತಿದ ಕಾಗದ ಒಣಹಾಕಿದ್ದ ದಾರದ ಅಡಿಯಲ್ಲಿ ಬಗ್ಗಿ, ಹಕ್ಕಿ ನೋಡುವವರ ಸಾಲು ದಾಟಿ, ಗೇಟು, ಹಿಂದೆ ಕೃತಿಕಾ ಅಮ್ಮಾ ಅಮ್ಮಾ ಅಂತ ಓಡಿದಳು. ಬರುತ್ತಾಳೆ, ರಾಗಿ ಚೀಲ ಇಲ್ಲೇ ಇದೆ, ಚೀಲ ಬಿಟ್ಟು ಹೋಗುವ ಜಾತಿಯಲ್ಲ ಸುಧಾ, ಒಂದು ಕಾಳು ಬಿದ್ದರೂ ಹೆಕ್ಕುವವಳು, ಬರಲಿ, ಬಂದರೆ ನಾನೇನೂ ಕಾಲಿಗೆ ಬೀಳುವುದಿಲ್ಲ, ಕೂತ್ಕೊಳ್ಳೇ ಅನ್ನುತ್ತೇನೆ, ಅಷ್ಟು ಅಂದರೆ ಸಾಕು ಅವಳಿಗೆ, ನಾನು ಗೊತ್ತಿಲ್ಲವೇ ಅವಳಿಗೆ. ಹಸಿರು ಮೊಣಕಾಲಿನ ಮಗು ಬಂದು ನಿಂತಿತು, ಅಜ್ಜಿ, ನಾನೂ ತಿರುಗಿಸ್ಲಾ, ಎಲ್ಲಿ ಹಿಡ್ಕೊಬೇಕು, ಹೋಗಮ್ಮ ಅಂದೆ, ಮೆಲ್ಲಗೇ ಅಂದೆ, ಆದರೂ ಹೆದರಿ ಓಡಿತು. ಮೈಕಿನಲ್ಲಿ ವಂದನಾರ್ಪಣೆ, ಬಂದ ಎಲ್ಲ ಕುಟುಂಬಗಳಿಗೂ, ಚಾಪೆ ಸುತ್ತುತ್ತಿದ್ದಾರೆ, ದಾರದಿಂದ ಎಲೆಗಳನ್ನು ಬಿಚ್ಚುತ್ತಿದ್ದಾರೆ, ಗೇಟಿನಲ್ಲಿ ಒಬ್ಬಳೇ ಕೃತಿಕಾ, ಹತ್ತಿರ ಬಂದು ಅಮ್ಮ ಬಸ್ ಹತ್ತುದ್ರು ದೊಡ್ಡಮ್ಮ ಅಂದಳು, ಬಗ್ಗಿ ರಾಗಿ ಚೀಲ ಎತ್ತಿಕೊಂಡಳು, ನಿಮ್ಮಮ್ಮ ಏನ್ ಹೇಳೋಕೆ ಬಂದಿದ್ಲೇ, ನೀನು ಅಂದ್ಲಲ್ಲ, ಆಮೇಲೆ ಏನೇ ಅಂದೆ — ಕೃತಿಕಾ ನನ್ನ ಮುಖ ನೋಡಲಿಲ್ಲ, ನೀವು ಕೇಳಿಸ್ಕೊಬೇಕಿತ್ತು ಅಂದು ಹೊರಟಳು, ಚೀಲದ ತೂತಿನಿಂದ ಒಂದೊಂದೇ ಕಾಳು ಉದುರುತ್ತಾ ಹೋಯಿತು, ಯಾರೂ ಹೆಕ್ಕಲಿಲ್ಲ. ನನ್ನ ಮುಂದೆ ಕಲ್ಲು ಪೂರ್ತಿಯಾಗಿ ಕೂತಿದೆ, ಮೇಲಿನದು ಕೆಳಗಿನದು ಎರಡೂ, ಅಂಚಿನಲ್ಲಿ ಗೂಟ ಇದ್ದ ಕುಳಿ, ಬೆರಳಿಟ್ಟೆ, ಹಳೆಯ ಎಣ್ಣೆಯ ಜಿಡ್ಡು, ಚೂರು ಹಿಟ್ಟು, ಇನ್ನೂ ಬೆಚ್ಚಗಿದೆ, ಕಲ್ಲು ಕಳಿಸಕ್ಕ, ನೀನು — ಕುಳಿ — ನೀನು — ಕುಳಿ