ಗಾಯವಿಲ್ಲದ ತೊಂಬತ್ತೊಂಬತ್ತು ದಿನ

ಎರಡನೇ ಒಂಬತ್ತರ ಬಾಲದಿಂದ ನೀರು ಇಳಿಯುತ್ತಿದೆ, ಯಾರೋ ಒದ್ದೆ ಬಟ್ಟೆಯಲ್ಲಿ ಹಲಗೆಯ ಅಂಚು ಒರೆಸಿ ಹೋಗಿದ್ದಾರೆ, ಬಿಳಿ ನೀರಿನ ಹನಿಯೊಂದು ತುದಿಗೆ ಬಂದು ಬೀಳಲೋ ಬೇಡವೋ ಎಂದು ನಿಂತಿದೆ, ನನ್ನ ಹಾಗೆಯೇ — ಮೇಲೆ ಹಸಿರು ಬಣ್ಣದಲ್ಲಿ ಗಾಯವಿಲ್ಲದ ದಿನಗಳು, ಕೆಳಗೆ ಸೀಮೆಸುಣ್ಣದಲ್ಲಿ 99, ಇನ್ನು ಐದು ನಿಮಿಷಕ್ಕೆ ಅದು 100 ಆಗಬೇಕು, ಬರೆಯಬೇಕಾದವಳು ನಾನು, ಸೀಮೆಸುಣ್ಣ ಆಗಲೇ ಅಂಗೈ ಬೆವರಿಗೆ ಮೆತ್ತಗಾಗಿದೆ. ಫಾರಂ ಮೇಡಂ, ಸ್ವಲ್ಪ ನಗ್ರೀ, ಪರೀಕ್ಷೆ ಬರಿಯೋಕೆ ಬಂದ ಹಾಗೆ ನಿಂತಿದ್ದೀರಲ್ಲ, ಎನ್ನುತ್ತಾರೆ ಕೋಚ್ ಸರ್, ಅವರಿಗೆ ನನ್ನ ಹೆಸರು ಗೊತ್ತಿಲ್ಲ, ಪ್ರತಿ ಶುಕ್ರವಾರ ಫಾರಂ ಹಿಡಿದು ಬರುವವಳು, ಅಷ್ಟೇ, ನಾನೂ ಹೇಳಲಿಲ್ಲ. ಬ್ಯಾಸ್ಕೆಟ್‌ಬಾಲ್ ಅಂಕಣದ ಆಚೆ ಗ್ಯಾಲರಿಯ ತುದಿಯಲ್ಲಿ ಹುಡುಗಿಯರು ಸಾಲಾಗಿ ಕೂತು ಜಡೆ ಸರಿಮಾಡಿಕೊಳ್ಳುತ್ತಿದ್ದಾರೆ, ನಡುವೆ ತಂಡದ ನಾಯಕಿ, ನನ್ನ ತಂಗಿ, ಮನೆಯಲ್ಲೂ ಇಲ್ಲೂ ಎಲ್ಲರಿಗೂ ಮಿಡತೆ, ನನ್ನತ್ತ ನೋಡುತ್ತಿಲ್ಲ, ಬೇಕೆಂದೇ ನೋಡುತ್ತಿಲ್ಲ, ಬೆಳಿಗ್ಗೆ ಮನೆಯ ಮೆಟ್ಟಿಲಿನ ಮೇಲೆ ಸಿಕ್ಕಿಬಿದ್ದಾಗಿನಿಂದ ಹೀಗೇ. ಮಹಡಿಯಿಂದ ಇಳಿಯುತ್ತಿದ್ದಳು, ಬೆನ್ನು ನನ್ನ ಕಡೆಗೆ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಏಣಿ ಇಳಿಯುವವರ ಹಾಗೆ ಹಿಮ್ಮುಖವಾಗಿ, ಬರಿಗಾಲಿನ ಹೆಬ್ಬೆರಳು ಗಾಳಿಯಲ್ಲಿ ಕಾಣದ ಮೆಟ್ಟಿಲನ್ನು ತಡಕುತ್ತಿತ್ತು, ಸಿಕ್ಕಿತು, ಊರಿತು, ಮತ್ತೆ ಇನ್ನೊಂದು. ಇದೇನೇ ಹೊಸ ಆಟ ಅಂದೆ. ಸುಮ್ನೆ ಕಣೇ ಅಂದಳು. ಪ್ಯಾಂಟು ಮೇಲೆತ್ತು ಅಂದೆ. ಎತ್ತಲಿಲ್ಲ, ನಾನೇ ಎತ್ತಿದೆ, ಮಂಡಿ ಚಿಪ್ಪಿನ ಪಕ್ಕದಲ್ಲಿ ಇರಬೇಕಾದ ಗುಳಿ ಇರಲಿಲ್ಲ, ತುಂಬಿಹೋಗಿತ್ತು, ಬೆರಳಿಟ್ಟರೆ ಬಿಸಿ. ಎಷ್ಟು ದಿನದಿಂದ? ಮೂರು ವಾರ. ಮೂರು ಶುಕ್ರವಾರ ಈ ಮಂಡಿ ನನ್ನ ಮುಂದೆಯೇ ಕೂತು ಫಾರಂ ತುಂಬಿದೆ.

ಆ ಫಾರಂನಲ್ಲಿ ಇರುವುದು ಒಂದೇ ಪ್ರಶ್ನೆ, ಈ ವಾರ ನೋವಿನಿಂದ ಒಂದು ದಿನವಾದರೂ ಆಟ ತಪ್ಪಿಸಿದಿರಾ, ಹೌದು, ಇಲ್ಲ. ತಪ್ಪಿಸಿದರೆ ಗಾಯ, ತಪ್ಪಿಸದಿದ್ದರೆ ಗಾಯವಲ್ಲ. ಎಳೆಯ ಹುಡುಗಿಯರು ಆಟದಲ್ಲಿ ಮಂಡಿ ಮುರಿದುಕೊಳ್ಳದಂತೆ ತಡೆಯುವುದು ಹೇಗೆ ಎಂದು ನಮ್ಮ ಪ್ರೊಫೆಸರ್ ಮೇಡಂ ಎರಡು ವರ್ಷದಿಂದ ಅಧ್ಯಯನ ಮಾಡುತ್ತಿದ್ದಾರೆ, ನಾನು ಅವರ ಸಹಾಯಕಿ, ದಿನಾ ಆಟಕ್ಕೆ ಮೊದಲು ಹತ್ತು ನಿಮಿಷದ ಕಸರತ್ತು, ಒಂಟಿಕಾಲಲ್ಲಿ ನಿಲ್ಲುವುದು, ಮಂಡಿ ಒಳಕ್ಕೆ ವಾಲದಂತೆ ನೆಗೆದು ಇಳಿಯುವುದು, ಒಳ್ಳೆಯ ಕಸರತ್ತು, ಹುಡುಗಿಯರೇ ಮಾಡುತ್ತಿರಲಿಲ್ಲ, ಏನು ಮಾಡೋಣ ಎಂದು ಸಭೆಯಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುವಾಗ ಒಂದು ಬೋರ್ಡ್ ಹಾಕಿದ್ರೆ ಎಂದಿತ್ತು ಒಂದು ದನಿ, ಗಾಯವಿಲ್ಲದೆ ಎಷ್ಟು ದಿನ ಆಯ್ತು ಅಂತ, ಯಾರಿಗಾದ್ರೂ ಗಾಯವಾದ್ರೆ ಮತ್ತೆ ಸೊನ್ನೆಯಿಂದ — ಆ ದನಿ ನನ್ನದು ಎಂದು ನನಗೇ ತಡವಾಗಿ ಗೊತ್ತಾಯಿತು. ಅಬ್ಬಾ, ನಿಂಗೆ ಮಾತೂ ಬರುತ್ತಾ ಎಂದು ಮೇಡಂ ನಕ್ಕರು, ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದವಳು ಎಂದು ಅಮ್ಮ ಹೇಳಿಕೊಂಡು ತಿರುಗುವ ನಾನು ಆ ದಿನ ಡೈರಿಯಲ್ಲಿ ಇಂದು ಮಾತಾಡಿದೆ ಎಂದು ಬರೆದು ಎರಡು ಗೆರೆ ಎಳೆದಿದ್ದೆ. ಬೋರ್ಡ್ ಬಂತು, ಹುಡುಗಿಯರು ಕಸರತ್ತು ಶುರುಮಾಡಿದರು, ಇಪ್ಪತ್ತು, ಐವತ್ತು, ಎಂಬತ್ತು, ಮೇಡಂ ಕೋಣೆಯ ಗೋಡೆಯ ಗ್ರಾಫಿನಲ್ಲಿ ಗಾಯದ ಗೆರೆ ಜಾರುಬಂಡೆಯಂತೆ ಇಳಿದು ನೆಲಕ್ಕೆ ಮುಟ್ಟಿತು, ನಾನು ಅದನ್ನು ನೋಡಿ ಒಳಗೊಳಗೇ ಹಿಗ್ಗಿದೆ — ಅದು ನೋವಿನ ಗೆರೆಯಲ್ಲ, ಬಾಯಿ ಬಿಟ್ಟವರ ಗೆರೆ ಎಂದು ಒಂದು ಸಲವೂ ಹೊಳೆಯಲಿಲ್ಲವಲ್ಲ. ಹೇಳ್ಬೇಡ ಅಕ್ಕ, ಎಂದಿದ್ದಳು ಮಿಡತೆ ಬೆಳಿಗ್ಗೆ, ನಿನ್ ಕಾಲಿಗೆ ಬೀಳ್ತೀನಿ, ನೂರನೇ ದಿನ ಕಣೇ, ನನ್ನಿಂದ ಸೊನ್ನೆ ಆದ್ರೆ ಅವರೆಲ್ಲ ನನ್ನ ಹರಿದು ತಿಂತಾರೆ, ಒಂದೇ ವಾರ, ಫೈನಲ್ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ. ನಿನ್ ಕಾಲಿಗೆ ಬೀಳ್ತೀನಿ ಅಂತ ಬೀಳಲಾಗದ ಕಾಲಿನವಳು. ಊದಿದ ಮಂಡಿಯಲ್ಲಿ ನೆಗೆಯೋದು ಬಿರುಕು ಬಿಟ್ಟ ಏಣಿ ಹತ್ತಿದ ಹಾಗೆ, ಹತ್ತು ಸಲ ತಡೆಯುತ್ತೆ, ಹನ್ನೊಂದನೇ ಸಲ ಒಳಗೆ ಮೂಳೆ ಕಟ್ಟಿರುವ ಹುರಿಯೇ ಹರಿಯುತ್ತೆ, ಆಮೇಲೆ ಆಪರೇಷನ್, ಒಂದು ವರ್ಷ ಮನೆ, ಎಂದು ತರಬೇತಿಯಲ್ಲಿ ಫಿಸಿಯೋ ಹೇಳಿದ್ದನ್ನು ನಾನು ಚೊಕ್ಕ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ, ಬರೆದುಕೊಳ್ಳುವುದೊಂದು ನನಗೆ ಚೆನ್ನಾಗಿ ಬರುತ್ತದೆ. ಆದರೂ ಬೆಳಿಗ್ಗೆ ಹೂಂ ಅಂದೆ, ಅವಳ ಕಣ್ಣು ನೋಡಿ ಹೂಂ ಅಂದುಬಿಟ್ಟೆ.

ಫೋಟೋದವರು ಬಂದರು, ಒರೆಸಮ್ಮ ಒರೆಸು ಎನ್ನುತ್ತಾರೆ ಪ್ರೊಫೆಸರ್ ಮೇಡಂ, ನಿನ್ನ ಬೋರ್ಡು, ನೀನೇ ಬರೀಬೇಕು, ಒರೆಸುತ್ತೇನೆ, ತೊಂಬತ್ತೊಂಬತ್ತು ಹೋಗುತ್ತದೆ, ಕಪ್ಪು ಹಲಗೆ ಒದ್ದೆ ಒದ್ದೆ, ಬನ್ರಮ್ಮಾ ಇಳೀರಿ ಎಂದು ಕೋಚ್ ಸರ್ ಚಪ್ಪಾಳೆ ತಟ್ಟಿ ಕ್ಯಾಮೆರಾದತ್ತ ತಿರುಗುತ್ತಾರೆ, ಹುಡುಗಿಯರು ಏಳುತ್ತಾರೆ, ಗಲಗಲ ನಗು, ಮಿಡತೆ ಏಳುತ್ತಾಳೆ, ನೋಡಬಾರದು ಅಂದುಕೊಂಡೇ ನೋಡುತ್ತೇನೆ, ಅವಳು ಆಚೀಚೆ ಕಣ್ಣಾಡಿಸಿ ಬೆನ್ನು ತಿರುಗಿಸುತ್ತಾಳೆ, ಕಂಬಿ ಹಿಡಿಯುತ್ತಾಳೆ — ಅವಳ ಪಕ್ಕದ ಉದ್ದ ಜಡೆಯವಳೂ ತಿರುಗುತ್ತಾಳೆ, ಅವಳೂ ಕಂಬಿ ಹಿಡಿಯುತ್ತಾಳೆ, ಅಣಕಿಸುತ್ತಿದ್ದಾಳೇನೋ, ಇಲ್ಲ, ಮಿಡತೆ ಅವಳನ್ನು ನೋಡಿ ಬಾಯಿ ತೆರೆದು ನಿಂತಿದ್ದಾಳೆ, ಅವಳಿಗೂ ಗೊತ್ತಿರಲಿಲ್ಲ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಮೂರನೆಯವಳು, ಕನ್ನಡಕದವಳು, ಆಚೆ ತುದಿಯ ಕಂಬಿಯಲ್ಲಿ, ಅವಳೂ ಬೆನ್ನು ಮಾಡಿ, ಮತ್ತೊಬ್ಬಳು, ನಾಲ್ಕು, ಹನ್ನೆರಡರಲ್ಲಿ ನಾಲ್ಕು, ನನ್ನ ಫಾರಂಗಳಲ್ಲಿ ಇಲ್ಲ, ಇಲ್ಲ, ಇಲ್ಲ, ಇಲ್ಲ — ಕೈ ಎದ್ದಿದೆ, ಹಲಗೆಗೆ ಸೀಮೆಸುಣ್ಣ ತಾಗಿದೆ, ದುಂಡಗೆ ಸುತ್ತಿ ಬಂದು ಹೊರಟಲ್ಲಿಗೇ ಸೇರಿದೆ, ಹಲಗೆಯ ನಟ್ಟನಡುವೆ ಒಂದು ಸೊನ್ನೆ. ಇದೇನ್ ಫಾರಂ ಮೇಡಂ, ನೂರನ್ನ ಹಿಂದಿನಿಂದ ಬರೀತೀರಾ, ಒಂದಕ್ಕೆ ಜಾಗ ಎಲ್ಲಿ ಬಿಟ್ರಿ, ಎಂದು ಕೋಚ್ ಸರ್ ನಗುತ್ತಾರೆ, ಮೇಡಂ ನಗುತ್ತಾರೆ, ನಾನು ಸೀಮೆಸುಣ್ಣವನ್ನು ಹಲಗೆಯ ಕೆಳಗೆ ಇಟ್ಟುಬಿಡುತ್ತೇನೆ, ಅವರ ನಗು ಮೆಲ್ಲಗೆ ನಿಲ್ಲುತ್ತದೆ, ಕೇಳುತ್ತಾರೆ ಈಗ, ಹೇಳಬೇಕು, ಹೇಳಬೇಕು, ಬೆರಳು ತೋರಿಸಿದರೂ ಸಾಕು, ಅಲ್ಲಿ ನೋಡಿ, ಗ್ಯಾಲರಿಯಲ್ಲಿ, ಬೆನ್ನು ಈ ಕಡೆಗೆ, ಎರಡೂ ಕೈ ಕಂಬಿಯ ಮೇಲೆ, ಬಿಳಿ ಶೂಸಿನ ತುದಿ ಗಾಳಿಯಲ್ಲಿ, ಕೆಳಗಿನ ಮೆಟ್ಟಿಲನ್ನು ತಡಕುತ್ತಿದೆ, ತಡಕುತ್ತಿದೆ —