ಒಂದೇ ಹಾಸುಗಲ್ಲಿನ ಆಫ್ರಿಕಾ

ಶಾಲೆಯ ಹಜಾರದ ನೆಲದಲ್ಲಿ ಪ್ರಪಂಚದ ನಕ್ಷೆ ಕೂರಿಸುವ ಕೆಲಸ, ಮುಂಗೋಪಕ್ಕೆ ಊರವರಿಂದ ಬೆಂಕಿಪೊಟ್ಟಣ ಎಂದೇ ಕರೆಸಿಕೊಂಡವನ ಕೈಗೆ ಬಂದದ್ದು ಅವನ ಭಾವನ ಬೆನ್ನುನೋವಿನ ದೆಸೆಯಿಂದ. ಭಾವ ಮೇಸ್ತ್ರಿ. ಅಕ್ಕನ ಗಂಡನೆಂಬ ಹಕ್ಕಿನಲ್ಲಿ ಏಳು ವರ್ಷ ಇವನಿಂದ ಬರೀ ಗಾರೆ ಕಲಸಿಸಿದ್ದ. ಈಗ ಸೊಂಟ ಹಿಡಿದುಕೊಂಡು, “ಹೆಡ್‌ಮಾಸ್ಟ್ರು ಒಪ್ಪಿದ್ರೆ ನೀನೂ ಮೇಸ್ತ್ರಿ. ಇಲ್ದಿದ್ರೆ ಮತ್ತೆ ಬಾಂಡ್ಲಿ ಹಿಡಿ” ಎಂದಿದ್ದ.

ಆ ಹೆಡ್‌ಮಾಸ್ಟರು ಯಾರೆಂದರೆ, ಹನ್ನೆರಡು ವರ್ಷದ ಹಿಂದೆ ಏಳನೇ ಕ್ಲಾಸಿನಲ್ಲಿ ಇವನನ್ನು ಬಾಗಿಲಾಚೆ ನಿಲ್ಲಿಸಿದವರೇ. ದಕ್ಷಿಣ ಅಮೆರಿಕದ ಉಬ್ಬು ಆಫ್ರಿಕಾದ ಕಂಕುಳಿಗೆ ಸರಿಯಾಗಿ ಕೂರುತ್ತದಲ್ಲ, ಯಾಕೆ ಎಂದು ಗೋಡೆಯ ನಕ್ಷೆ ತೋರಿಸಿ ಹುಡುಗ ಕೇಳಿದ್ದ. ಉತ್ತರ ಗೊತ್ತಿಲ್ಲದವರಿಗೆ ಪ್ರಶ್ನೆ ಕೇಳಿದವನೇ ಕಳ್ಳ. ಅಧಿಕಪ್ರಸಂಗಿ ಎಂದು ಹೊರಗಟ್ಟಿದರು. ಅವನು ಅರ್ಧ ಗಂಟೆ ಹಲ್ಲು ಕಡಿಯುತ್ತ ನಿಂತು, ಮನೆ ಸೇರಿ, ಆಮೇಲೆ ಶಾಲೆಯ ಕಡೆ ತಲೆ ಹಾಕಿ ಮಲಗಲಿಲ್ಲ. ಅವನ ಸಿಟ್ಟು ಮಾತ್ರ ಒಂದು ದಿನವೂ ಹಾಜರಿ ತಪ್ಪಿಸಲಿಲ್ಲ.

ಕಲ್ಲು ಕೊಯ್ಯುವವನಿಗೆ ಚೂರು ಕಲ್ಲು ದಂಡವಾದರೂ ಜೀವ ಚುರುಕ್ಕೆನ್ನುತ್ತದೆ. ಖಂಡಗಳ ಕಾಗದದ ಅಚ್ಚುಗಳನ್ನು ಕಂದು ಹಾಸುಗಲ್ಲಿನ ಮೇಲಿಟ್ಟು, ತುಂಬಿದ ಬಸ್ಸಿನಲ್ಲಿ ಜನರನ್ನು ಒತ್ತರಿಸುವ ಕಂಡಕ್ಟರನ ಹಾಗೆ ಅತ್ತಿತ್ತ ಸರಿಸಿದ. ದಕ್ಷಿಣ ಅಮೆರಿಕ ತಾನಾಗಿ ಹೋಗಿ ಆಫ್ರಿಕಾವನ್ನು ತಬ್ಬಿಕೊಂಡಿತು. ಎರಡರ ನಡುವೆ ಬ್ಲೇಡು ಒಂದೇ ಸಲ ಓಡಿಸಿದರೆ ಸಾಕಾಯಿತು. ಆ ಕಲ್ಲಿನಲ್ಲಿ ಅಡ್ಡಕ್ಕೆ ಮೂರು ಕಪ್ಪು ಪಟ್ಟೆಗಳಿದ್ದದ್ದನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹೆಡ್‌ಮಾಸ್ಟರು ತೆಗೆದುಕೊಂಡರು. ಖಂಡಗಳನ್ನು ಆಗಷ್ಟೇ ಗಾರೆಯ ಮೇಲೆ ಕೂರಿಸಿದ್ದ. ಸಮುದ್ರದ ನೀಲಿ ಕಲ್ಲು ಇನ್ನೂ ಬರಬೇಕಿತ್ತು, ಅಲ್ಲಿಯವರೆಗೆ ಹಸಿ ಗಾರೆಯೇ ಸಮುದ್ರ. ಪಟ್ಟೆಗಳು ಅಮೆರಿಕದ ದಡದಲ್ಲಿ ಕಡಿದು, ಆಚೆ ಆಫ್ರಿಕಾದ ದಡದಲ್ಲಿ ಮತ್ತೆ ಶುರುವಾಗಿದ್ದವು. ಹರಿದ ಪಂಚೆಯ ಎರಡು ತುಂಡು ಹಾಸಿದ ಹಾಗಿದೆ, ಒಂದೊಂದು ಖಂಡಕ್ಕೆ ಒಂದೊಂದು ಕಲ್ಲು ಬೇಕು, ಕಿತ್ತು ಹಾಕಿ ಎಂದರು. ಭಾವ ಬೆನ್ನುನೋವನ್ನೂ ಮರೆತು ಬಗ್ಗಿ, ಆಯ್ತು ಸಾರ್, ಈಗಲೇ ಕೀಳಿಸ್ತೀನಿ ಎಂದ. ಬೆಂಕಿಪೊಟ್ಟಣದ ಕಿವಿ ಕೆಂಪಾಯಿತು. ಬಾಂಡ್ಲಿ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಅವನನ್ನೇ ಕಾಯುತ್ತಿತ್ತು.

ಅಷ್ಟರಲ್ಲಿ ಹಾಜರಿ ಪುಸ್ತಕ ಹಿಡಿದು ಬಂದ ಭೂಗೋಳದ ಟೀಚರು ನಕ್ಷೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಇದನ್ನು ಹೇಳಿಕೊಟ್ಟವರು ಯಾರು ಎಂದು ಕೇಳಿದರು. ಕಲ್ಲು ಉಳಿಸಲು ಹಾಗೆ ಕೊಯ್ದೆ ಎಂದ ಬೆಂಕಿಪೊಟ್ಟಣ. ಅವರು ನಕ್ಕರು. ನಿಜವಾದ ಭೂಮಿಯಲ್ಲೂ ಹೀಗೇ, ಈ ದಡದಲ್ಲಿ ಕಡಿದ ಹಳೆಯ ಬಂಡೆಸಾಲು ಆ ದಡದಲ್ಲಿ ಮುಂದುವರಿಯುತ್ತದೆ, ಸಾಗರ ಈಜಲಾರದ ಹಲ್ಲಿಯಂಥ ಪ್ರಾಣಿಯ ಮೂಳೆ ಎರಡೂ ಕಡೆ ಕಲ್ಲಾಗಿ ಸಿಕ್ಕಿದೆ, ಎರಡೂ ಒಂದು ಕಾಲದಲ್ಲಿ ಒಂದೇ ನೆಲ ಎಂದರು. ದಡಗಳು ಅಲ್ಲಲ್ಲಿ ಸರಿಯಾಗಿ ಕೂರುವುದಿಲ್ಲವಲ್ಲ ಎಂದು ಹೆಡ್‌ಮಾಸ್ಟರು ತಗಾದೆ ತೆಗೆದಾಗ, ಖಂಡದ ನಿಜವಾದ ಅಂಚು ನೀರಿನ ಕೆಳಗಿದೆ, ಅಲ್ಲಿ ಅಳೆದರೆ ಇನ್ನೂ ಚೆನ್ನಾಗಿ ಕೂರುತ್ತದೆ ಎಂದರು.

ಹಾಗಾದರೆ ಅಂದು ಕೇಳಿದ್ದು ಸರಿಯಾಗಿಯೇ ಇತ್ತು! ಬೆಂಕಿಪೊಟ್ಟಣಕ್ಕೆ ಸಂತೋಷವಾಗಬೇಕಿತ್ತು, ಸಿಟ್ಟು ಇಮ್ಮಡಿಯಾಯಿತು.

“ಒಂದೇ ಆಗಿತ್ತು ಅಂತಾನೇ ಇಟ್ಕೊಳ್ಳಮ್ಮ,” ಎಂದರು ಹೆಡ್‌ಮಾಸ್ಟರು. “ತಳ್ಳಿದ್ದು ಯಾರು? ನೆಲ ಅಂದ್ರೆ ನೆಲ. ಅಲ್ಲಾಡಲ್ಲ. ನೋಡು.”

ತೋರಿಸಲೆಂದೇ ಒಂದು ಕಾಲೆತ್ತಿದರು. ಗಾರೆ ಹಸಿಯಿದೆ ಸಾರ್ ಎನ್ನುವ ಮಾತು ಬೆಂಕಿಪೊಟ್ಟಣದ ಗಂಟಲವರೆಗೆ ಬಂದು, ಹನ್ನೆರಡು ವರ್ಷದ ಹಿಂದಿನ ಆ ಅರ್ಧ ಗಂಟೆಯನ್ನು ನೆನೆದು, ಅಲ್ಲೇ ಕೂತಿತು. ಹೆಡ್‌ಮಾಸ್ಟರು ಆಫ್ರಿಕಾದ ಪಶ್ಚಿಮ ದಡದ ಮೇಲೆ ಧಪ್ಪನೆ ಕಾಲಿಟ್ಟರು. ಆಫ್ರಿಕಾ ಅವರನ್ನು ಹೊತ್ತುಕೊಂಡು ನಾಲ್ಕು ಬೆರಳು ಪೂರ್ವಕ್ಕೆ ಜಾರಿತು. ಹಿಂದೆ ಉಳಿದ ಇನ್ನೊಂದು ಕಾಲು ಸಮುದ್ರಕ್ಕಿಳಿಯಿತು. ಎರಡು ಖಂಡಗಳ ನಡುವೆ ಗಾರೆ ಪಿಚಕ್ಕನೆ ಉಬ್ಬಿ ಮೇಲೆ ಬಂತು.

ಟೀಚರಿಗೆ ನಗು ತಡೆಯುವುದೇ ಕಷ್ಟವಾಯಿತು. “ಹೀಗೇ ಸಾರ್. ಕೆಳಗಿರೋದು ಹಸಿ ಗಾರೆಯಲ್ಲ, ಕಾದ ಬಂಡೆ, ಅಷ್ಟೇ ವ್ಯತ್ಯಾಸ. ಸಾಗರದ ನಡುವೆ ಹೊಸ ನೆಲ ಹುಟ್ಟುತ್ತೆ, ಬೇರೆ ಕಡೆ ಹಳೇದು ಒಳಗೆ ಮುಳುಗುತ್ತೆ. ಉಗುರು ಬೆಳೆಯೋ ವೇಗದಲ್ಲಿ ಎಲ್ಲಾ ಜರುಗ್ತಾ ಇರುತ್ತೆ.”

ಬೀಳದಿರಲು ಬೆಂಕಿಪೊಟ್ಟಣದ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಹೆಡ್‌ಮಾಸ್ಟರು ಗಾರೆ ಮೆತ್ತಿದ ಬೂಟನ್ನು ನೋಡಿದರು, ಪಟ್ಟೆಗಳನ್ನು ನೋಡಿದರು, ಕೊನೆಗೆ ಹಿಡಿದಿದ್ದ ಹೆಗಲಿನ ಮೇಲಿನ ಮುಖವನ್ನು ನೋಡಿದರು.

“ಕೀಳೋದು ಬೇಡ, ಇರ್ಲಿ,” ಎಂದರು ಭಾವನಿಗೆ. ಆಮೇಲೆ ಇವನಿಗೆ, “ನೀನು ಎಷ್ಟನೇ ಕ್ಲಾಸಿನವರೆಗೆ ಓದಿದ್ದೀಯಪ್ಪ?”

“ಏಳನೇದು ಸಾರ್. ಕೊನೇ ಅರ್ಧ ಗಂಟೆ ಬಾಗಿಲಾಚೆ.”

ಹೆಡ್‌ಮಾಸ್ಟರ ಕೈ ಮೆಲ್ಲಗೆ ಹೆಗಲಿನಿಂದ ಇಳಿಯಿತು. ಅವರು ಒಂದೊಂದು ಹೆಜ್ಜೆಗೂ ಸಮುದ್ರದ ಗುರುತು ಬಿಡುತ್ತ ತಮ್ಮ ಕೋಣೆಗೆ ಹೋದರು.

ಮೂಲೆಯಲ್ಲಿ ಬಾಂಡ್ಲಿ ಸದ್ದಾಯಿತು. ಭಾವ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ಅದನ್ನು ಎತ್ತಿಕೊಂಡು ಬಂದ.

“ಮೇಸ್ತ್ರಿಗಳೇ,” ಎಂದ, “ಆಫ್ರಿಕಾನ ವಾಪಸ್ ಎಳೀಬೇಕಾ, ಹೋದಲ್ಲೇ ಇರ್ಲಾ?”