ಎಡ ಮಗ್ಗುಲು

ಯಾವೊರ್ ಕಪ್ಪು ಕೋಟು ಕಳಚಿ, ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಕುರ್ಚಿಯಲ್ಲಿ ಕೂತು, ದಾರಿನಾಳ ಮುಂದೆ ಮೇಜಿನ ಮೇಲೆ ಬಲಗೈ ಚಾಚಿದ. ಹೆಂಡತಿ ರಲಿತ್ಸಾಳನ್ನು ಮಣ್ಣು ಮಾಡಿ ಬಂದವನು ಇನ್ನೂ ಕೈ ಕೂಡ ತೊಳೆದಿರಲಿಲ್ಲ. ಅದೇ ಮೇಜಿನ ಮೇಲೆ, ಸತ್ತವಳ ಹೆಸರಿನಲ್ಲಿ ನೆಂಟರಿಗೆ ಹಂಚಲೆಂದು ಸಕ್ಕರೆ ಬೆರೆಸಿ ಬೇಯಿಸಿಟ್ಟ ಗೋಧಿಯ ಪಕ್ಕದಲ್ಲೇ ರಕ್ತದೊತ್ತಡ ಅಳೆಯುವ ಯಂತ್ರವನ್ನು ತಂದಿಟ್ಟಿದ್ದ.

“ನೀನು ನರ್ಸು. ಹೇಳು, ಇದು ಕೆಟ್ಟಿದೆಯಾ?”

ದಾರಿನಾ ರಲಿತ್ಸಾಳ ಬಾಲ್ಯದ ಗೆಳತಿ. ಬೇರೆ ಊರಿನಿಂದ ಬೆಳಿಗ್ಗೆಯಷ್ಟೇ ಬಂದಿದ್ದಳು.

“ಇವತ್ತು ಬೇಡ ಕಣೋ.”

“ಇವತ್ತೇ ಹೇಳು.”

ಅವಳು ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ನೂರ ಮೂವತ್ತೆಂಟು. ತನ್ನ ಕೈಗೂ ಸುತ್ತಿ ನೋಡಿಕೊಂಡಳು.

“ಸರಿಯಾಗೇ ಇದೆ.”

“ಹಾಗಾದ್ರೆ ಅವಳು ಯಾಕೆ ಸತ್ತಳು?”

*

ರಲಿತ್ಸಾ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದಳು. ಬಸ್ಸು ಹೊರಡುತ್ತದೆಂದು ಧ್ವನಿವರ್ಧಕದಲ್ಲಿ ಕೂಗುವವಳೂ ಅವಳೇ. ಯಾರಾದರೂ ಮುದುಕಿ ಏದುಸಿರು ಬಿಡುತ್ತ ಬರುವುದು ಕಂಡರೆ ಅದನ್ನೇ ಮತ್ತೊಮ್ಮೆ ನಿಧಾನವಾಗಿ ಕೂಗಿ ಚಾಲಕನನ್ನು ತಡೆಯುತ್ತಿದ್ದಳು.

ಬಸುರಿಯಾಗಿದ್ದಾಗ ಒತ್ತಡ ಕೊಂಚ ಏರಿತು. ಎಡ ಮಗ್ಗುಲಿಗೆ ಮಲಗಿ ವಿಶ್ರಾಂತಿ ತೆಗೆದುಕೊ, ದಿನವೂ ಅಳೆ, ನೂರ ನಲವತ್ತು ಮುಟ್ಟಿದರೆ ಬಾ ಎಂದರು ವೈದ್ಯರು. ಅಳೆಯುವ ಕೆಲಸವನ್ನು ಯಾವೊರ್ ಒಂದು ದಿನವೂ ತಪ್ಪಿಸಲಿಲ್ಲ.

“ತಲೆ ಸಿಡೀತಿದೆ ಕಣೋ,” ಎಂದಳು ರಲಿತ್ಸಾ ಒಂದು ಸಂಜೆ. “ಕಣ್ಣ ಮುಂದೆ ಏನೋ ಮಿಣಮಿಣ ಅನ್ನತ್ತೆ.”

“ನೂರ ಮೂವತ್ತು, ಅಷ್ಟೇ. ಚೆನ್ನಾಗಿದ್ದೀಯ.”

“ನಿನ್ನ ಯಂತ್ರಾನೇ ಬಸುರಿ ಮಾಡಬೇಕಿತ್ತು, ಆರಾಮಾಗಿ ಹೆರ್ತಿತ್ತು,” ಎಂದು ನಕ್ಕು ಕಣ್ಣು ಮುಚ್ಚಿಕೊಂಡಳು.

ಮರುದಿನ ಅಡುಗೆಮನೆಯಲ್ಲಿ ಮೈ ಸೆಟೆದು ಬಿದ್ದಳು. ಹೊಟ್ಟೆ ಕೊಯ್ದು ಮಗುವನ್ನು ಉಳಿಸಿಕೊಂಡರು. ಅವಳಿಗೆ ಮತ್ತೆ ಎಚ್ಚರವಾಗಲಿಲ್ಲ.

*

“ಹೇಗೆ ಅಳೀತಿದ್ದೆ?” ದಾರಿನಾ ಕೇಳಿದಳು.

ಯಾವೊರ್ ಬೆಂಚಿನ ಮೇಲೆ ಎಡ ಮಗ್ಗುಲಾಗಿ ಮಲಗಿದ. ಮೇಲಿದ್ದ ಬಲಗೈಯನ್ನು ಸೊಂಟದ ಮೇಲಿಟ್ಟುಕೊಂಡ.

“ಏಳೋ, ಜನ ನೋಡ್ತಿದ್ದಾರೆ,” ಎಂದರು ರಲಿತ್ಸಾಳ ಚಿಕ್ಕಮ್ಮ ಪೆಂಕಾ.

“ನೋಡಲಿ ಬಿಡಿ. ಅವಳು ಹೀಗೇ ಮಲಗ್ತಿದ್ದಳು.”

ದಾರಿನಾ ಆ ಕೈಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ನೂರ ಇಪ್ಪತ್ತನಾಲ್ಕು. ಯಾವೊರ್ ಎದ್ದು ಕುಳಿತ.

“ಅದೇ ಕೈ, ಅದೇ ಯಂತ್ರ. ಯಾವುದು ನಿಜ?”

ದಾರಿನಾ ಪಟ್ಟಿ ಬಿಚ್ಚುತ್ತ ತಡವರಿಸಿದಳು. “ಮೊದಲನೇದು. ಕೂತು, ಕೈ ಎದೆಯ ಮಟ್ಟದಲ್ಲಿಟ್ಟು ಅಳೀಬೇಕು. ಹಾಗೆ ಮಲಗಿದಾಗ ಮೇಲಿನ ಕೈ ಎದೆಗಿಂತ ಎತ್ತರದಲ್ಲಿರತ್ತೆ, ಕಮ್ಮಿ ತೋರಿಸತ್ತೆ. ನಿಂಗೇ ಹದಿನಾಲ್ಕು ಕಮ್ಮಿ ಬಂತು ನೋಡು.”

“ಎಡಕ್ಕೆ ಮಲಗು ಅಂದವರು ಆ ಡಾಕ್ಟರೇ ಅಲ್ವಾ?”

“ಮಲಗೋದು ಬೇರೆ, ಅಳೆಯೋದು ಬೇರೆ ಅಂತ ಯಾರೂ ಹೇಳಿಲ್ಲ ನಿಂಗೆ. ಅಷ್ಟು ತಲೆನೋವಿದ್ರೆ, ಕಣ್ಣು ಮಿಣುಕಿದ್ರೆ, ಯಂತ್ರ ಏನೇ ಹೇಳಲಿ, ಆಸ್ಪತ್ರೆಗೆ ಓಡಬೇಕು ಅಂತಾನೂ ಹೇಳಿಲ್ಲ.”

“ಅಂದ್ರೆ ಅವಳು ಸರಿಯಾಗೇ ಹೇಳ್ತಿದ್ದಳು. ನಾನು ಅವಳಿಗೇ ಚೆನ್ನಾಗಿದ್ದೀಯ ಅಂತ…” ಯಾವೊರ್ ಚಿಕ್ಕಮ್ಮನ ಕಡೆ ನೋಡಿದ, ದಾರಿನಾಳ ಕಡೆ ನೋಡಿದ.

ಪೆಂಕಾ ಅವನ ಹೆಗಲಿಗೆ ಕೋಟು ಹೊದಿಸಿದರು. “ಹೋಗು. ಮಗಳನ್ನ ಒಂದ್ಸಲ ನೋಡ್ಕೊಂಡು ಬಾ.”

ದಿನ ತುಂಬುವ ಮೊದಲೇ ಹುಟ್ಟಿದ ಮಗು ಆಸ್ಪತ್ರೆಯಲ್ಲಿ ಬೆಚ್ಚನೆಯ ಗಾಜಿನ ಪೆಟ್ಟಿಗೆಯೊಳಗಿತ್ತು. ಅಲ್ಲಿನ ದಾದಿ ಪೆಟ್ಟಿಗೆಯ ಬದಿಯ ದುಂಡನೆಯ ಪುಟ್ಟ ಬಾಗಿಲು ತೆರೆದು, “ಒಳಗೆ ಕೈ ಹಾಕಿ, ಮುಟ್ಟಿ,” ಎಂದಳು.

“ಯಾವ ಕೈ?”

“ಯಾವುದಾದ್ರೂ ಆಗತ್ತೆ.”

ಯಾವೊರ್ ತನ್ನ ಎರಡೂ ಕೈಗಳನ್ನು ನೋಡುತ್ತ ನಿಂತ. ಒಳಗೆ ಮಗು ಬೆರಳುಗಳನ್ನು ಬಿಡಿಸಿತು, ಮತ್ತೆ ಮಡಚಿತು.